ಆಯಿ ಸೀರಿಗೆ ಕತ್ರಿ ಹಾಕೂದರ ಬಗ್ಗೆ

ಬೆಟಗೇರಿ

ಮಗಳ,

ನಿನ್ನ ಪತ್ರ ಮುಟ್ಟಿತು. ಮನಿ ಸುದ್ದಿ ಎಲ್ಲಾ ನಿಮ್ಮಪ್ಪ ಫೋನಿನ್ಯಾಗ ಹೇಳಿರತಾನ, ಅದನ್ನ ಮತ್ತ ಬರಿಯೂದಿಲ್ಲ. ನೀ ಬೆಂಗಳೂರಾಗ ಕ್ಲಾಸಿಗೆ ಹೋಗಿ ಕೌದಿ ಹೊಲಿಯಾಕ ಕಲೀತೀದಿ ಅಂತ ನಿಮ್ಮ ಕಾಕುಗ ಓದಿ ಹೇಳಿದೆ. ರೊಕ್ಕಾ ಕೊಟ್ಟು ಕೌದಿ ಕಲಿಯೂ ಕಾಲ ಬಂತಲ್ಲ ಅಂತ ನಕ್ಕಳು. ಆದರ ಕಡೀಕ ಒಂದು ಸಾಲು ಬರದೀ ನೋಡು, "ಆಯಿ ಸೀರಿ ಹಾಸ್ಕೊಂಡು ಕುಂತೆ ಕಾಕಾ, ಕತ್ರಿ ಹಿಡದ ಕೈ ನಡಗಿತು, ಹಾಳ ಮಾಡ್ತೀನೇನೋ ಅಂತ ಹಂಗ ಮಡಚಿ ಇಟ್ಟೆ" ಅಂತ. ಅದನ್ನ ಆಕಿಗೆ ಓದಿ ಹೇಳಲಿಲ್ಲ. ಪತ್ರ ಕಿಸೇದಾಗ ಇಟಕೊಂಡು ಅಂಗಡಿಗೆ ಹ್ವಾದೆ, ಆ ದಿನ ಕೆಲಸ ಸರಿಯಾಗಿ ಸಾಗಲಿಲ್ಲ.

ನಡುಗೂದು ತಪ್ಪೇನಲ್ಲ, ಮೊದಲ ಅಷ್ಟು ಹೇಳ್ತೇನಿ. ಹೊಲಿಗಿ ತಪ್ಪಿದ್ರ ಬಿಚ್ಚಬಹುದು, ಕತ್ರಿ ತಪ್ಪಿದ್ರ ಬಿಚ್ಚಾಕ ಏನೈತಿ? ಅದಕ್ಕ ನಮ್ಮ ಕಸಬಿನ್ಯಾಗ ಕತ್ರಿ ಎಲ್ಲಾದಕ್ಕಿಂತ ಹಿಂದ. ಹುಬ್ಬಳ್ಯಾಗ ನಾ ಅಂಗಡಿ ಸೇರಿದಾಗ ಕಸಾ ಹೊಡಿಯೂದು, ಗುಂಡಿ ಹಚ್ಚೂದು, ಆಮ್ಯಾಲ ಕಾಜಾ, ಹೆಮ್ಮಿಂಗ್. ಪಾಯಜಾಮಾದ ಉದ್ದ ಹೊಲಿಗಿ ಹಾಕಾಕ ಮಷಿನ್ ಮ್ಯಾಲ ಕುಂದರಿಸಿದ ದಿನ ದೊಡ್ಡಾಂವ ಆದೆ ಅನ್ನಿಸ್ತು. ಕತ್ರಿ ಮಾತ್ರ ಮಾಸ್ತರ ಕೈಯಾಗ. ಕಡೀಕ ಅದು ನನ್ನ ಕೈಗೆ ಬಂದಾಗ ಯಾರದೋ ಮದುವಿ ಅರಿವಿ ಮುಂದಿತ್ತು. ಚಾಕಿನ ಗೆರಿ ಹೊಡಿಯೂದು, ಅಳಸೂದು, ಮತ್ತ ಹೊಡಿಯೂದು. ಮಾಸ್ತರ ಬೈಲಿಲ್ಲ. ಅಂಜಿಕಿ ಇಲ್ಲದ ಹುಡುಗರಿಗೆ ಕತ್ರಿ ಕೊಡೂದಿಲ್ಲಾ ಅಂತಿದ್ರು.

ನಿನಗ ಕ್ಲಾಸಿನ್ಯಾಗ ಮೊದಲನೇ ದಿನಾನ ಕತ್ರಿ ಕೊಟ್ಟಾರ. ಪಟ್ಟಿ ಇಟ್ಟು, ದುಂಡನ್ನ ಬ್ಲೇಡಿನ ಕಟರ್ ಓಡಿಸಿ, ಒಂದ ಅಳತಿ ಚೌಕ ಕೊಯ್ಯೂದು, ಸುತ್ತ ಕಾಲು ಇಂಚು ಮಾರ್ಜಿನ್ ಬಿಟ್ಟು ಒಂದಕ್ಕೊಂದು ಜೋಡಸೂದು, ನಡುವ ಹತ್ತಿ ಹಾಳಿ ಹಾಸೂದು ಅಂತ ಬರದೀದಿ. ಅದು ಪರದೇಶದ ಮಂದಿ ಪದ್ಧತಿ. ಕೆಟ್ಟದ್ದಂತ ನಾ ಅನ್ನೂದಿಲ್ಲ, ಅಳತಿ ಕೈಗೆ ಕುಂದರತೈತಿ. ಆದರ ಅದರಾಗ ಮೊದಲ ಕೊಯ್ಯಬೇಕು, ಆಮ್ಯಾಲ ಹೊಲೀಬೇಕು. ನಮ್ಮ ಕೌದಿಗೆ ಮೊದಲ ಹಾಸಬೇಕು. ತಳಕ್ಕ ಹಳೇ ಸೀರಿ, ಒಳಗ ಧೋತರ, ಹರಕು ಪತ್ತಲ, ಮ್ಯಾಲ ತ್ಯಾಪಿ, ಅಂದ್ರ ಅರಿವಿ ತುಂಡು. ತ್ಯಾಪಿಗೆ ಅಳತಿ ಯಾರ ಕೇಳ್ಯಾರ? ಇದ್ದಷ್ಟ ಇಟ್ಟು, ಅಂಚು ಬೆರಳಿಲೆ ಒಳಗ ಮಡಚಿ, ಸೂಜಿ ಹಾಕೂದು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆ ಸಿದ್ದಿ ಹೆಣ್ಣಮಕ್ಕಳು ಕವಂದಿ ಹೊಲೀತಾರಲ್ಲ, ಅವರೂ ಹಿಂಗ. ಒಂದು ಮೂಲಿಗೆ ಹಿಡದು, ಅಂಚಿನ ಗುಂಟ ಸುತ್ತಿಕೋತ ಸುತ್ತಿಕೋತ ನಡುವಿಗೆ ಬಂದು ಮುಗಸ್ತಾರ. ಮೂಲಿಗೆ ಅರಿವಿ ಮಡಚಿ ಹೂವು ಹಚ್ಚದಿದ್ರ ಅವರಿಗೆ ಕವಂದಿ ಪೂರಾ ಆಗೂದಿಲ್ಲ.

ನಮ್ಮವ್ವ, ನಿಮ್ಮ ಆಯಿ, ಕಲ್ತದ್ದು ಓಣಿಗೆ ಬರೂ ಗೊಂದಲಿಗರ ಹೆಣ್ಣಮಕ್ಕಳ ಬಾಜೂಕ ಕುಂತು. ಅವರು ಮನಿಮನಿಗೆ ಬಂದು ಕೌದಿ ಹೊಲದು ಕೊಟ್ಟು ಜ್ವಾಳ ಒಯ್ಯತಿದ್ರು. ಹೀಂಗ ಮಾಡು, ಹಾಂಗ ಮಾಡು ಅಂತ ಯಾರೂ ಹೇಳತಿದ್ದಿಲ್ಲಂತ. ನಾಕು ಮಂದಿ ಸುತ್ತ ಕುಂತ್ರ ಹೊಸಬಳ ಕೈಗೆ ನಡುವಿನ ಗೆರಿ ಕೊಡೂದು, ಸೊಟ್ಟ ಆದ್ರೂ ಆಚಿ ಈಚಿ ಗೆರಿ ಅದನ್ನ ನುಂಗತಿದ್ದವು. ಈ ಮಾತು ನನಗ ಗೊತ್ತಾಗಿದ್ದೂ ಬಾಗಲದಾಗ ಹಾದುಹೋಗುಮುಂದ ಕಿವಿಗೆ ಬಿದ್ದು. ನಮ್ಮವ್ವ ನನ್ನ ಅಂಗಡಿ ಚಿಂದಿ ಚೀಲಗಟ್ಟಲೆ ಒಯ್ದು ಕಟ್ಟಿ ಮ್ಯಾಲ ಕುಂತು ಹೊಲದಾಕಿ. ನಾ ಬಾಜೂಕ ಕುಂತು ಒಂದು ಗೆರಿನೂ ಹಾಕಲಿಲ್ಲ. ಗಂಡಸರಿಗೆ ಕಲಸತಿದ್ದಿಲ್ಲ, ಖರೆ. ಕೇಳಿದ್ರ ಒಲ್ಲೆ ಅಂತಿದ್ಲೇನು? ಒಮ್ಮೆ ಮಷಿನ್ ಮ್ಯಾಲ ಹಾಕಿಕೊಡಲೇನು ಅಂದೆ. ಬ್ಯಾಡೋ, ಹಲಿಗಿ ಹೊತ್ಕೊಂಡಂಗ ಆಗತೈತಿ ಅಂದ್ಲು. ಮಷಿನ್ ಹೊಲಿಗಿ ಬಿಗಿ, ಪದರ ಒಂದಕ್ಕೊಂದು ಕಚ್ಚಿ ಹಿಡದು ಅರಿವಿ ಬಗ್ಗೂದಿಲ್ಲ, ಆಕಿ ಹೇಳಿದ್ದು ಸರೀನ ಇತ್ತು. ಮೂಲಿ ಹೆಂಗ ಹೊಳ್ಳಸತಿದ್ಲು ಅಂತ ನೀ ಕೇಳೀದಿ. ಏನ ಹೇಳಲಿ ನಿನಗ.

ಕತ್ರಿ ಮಾತಿಗೆ ಬರ್ತೇನಿ. ನಿನ್ನ ಕಡೆ ಇರೂದು ಇಳಕಲ್ಲ ಸೀರಿ, ಕೆಂಪ ದಡೀದು, ಹೌದಲ್ಲೊ? ಅದರ ಒಡಲು ನೂಲು, ಸೆರಗು ರೇಷ್ಮಿ, ಎರಡನ್ನೂ ಕೊಂಡಿ ಹಾಕಿ ಜೋಡಸಿರತಾರ. ಒಡಲು ಉಟ್ಟಷ್ಟೂ ಮೆತ್ತಗ ಆಗತೈತಿ. ಹಳೇ ರೇಷ್ಮಿ ಮಡಿಕಿ ಗುಂಟ ಸೀಳತೈತಿ. ಈಗ ಲೆಕ್ಕಾ ಹಾಕು. ನಮ್ಮವ್ವ ಉಡತಿದ್ದುದು 9 ಗಜದ್ದು, ಅಂದ್ರ 27 ಫೂಟು. ಎರಡ ಸಲ ಅರ್ಧ ಮಡಚಿದ್ರ ನಾಕು ಪದರ, ಉದ್ದ ಪಾವಣೆ ಏಳು ಫೂಟು. ಪನ್ನಾ, ಅಂದ್ರ ಅಗಲ, ನಾಕ ಫೂಟಿನ ಹತ್ರ ಬಂದ್ರ ಒಬ್ಬರು ಹೊದಿಯೂ ಕೌದಿ ಆತು. ಎಲ್ಲೂ ಕತ್ರಿ ಹಾಕೂ ಕೆಲಸನ ಇಲ್ಲ. ಸೆರಗು ಒಳಗಿನ ಪದರಕ್ಕ ಬರುವಂಗ ಮಡಚು. ಮ್ಯಾಲ ಕಾಣಲಿ ಅಂತ ನಿನಗ ಅನಸಬಹುದು, ಆದರೂ ಒಳಗ ಇರಲಿ.

ಇದನ್ನ ಮೊದಲ ಬರದು ಮುಗಸಬೇಕಿತ್ತು, ಏನೇನೋ ಬರದೆ. ನೆನಪಾದಾಂಗ ಇನ್ನಷ್ಟು ಹೇಳ್ತೇನಿ, ನಿಮ್ಮ ಟೀಚರ್ ಬ್ಯಾರೆ ಹೇಳಿದ್ರ ಅವರ ಮಾತು ಕೇಳು. ನೆಲದ ಮ್ಯಾಲ ಹಾಸಿ ಮೊದಲ ಕಚ್ಚಾ ಹೊಲಿಗಿ ಹಾಕು, ಇಲ್ಲಾಂದ್ರ ಪದರ ಜಾರತಾವು. ದಾರಕ್ಕ ಮೇಣ ತಿಕ್ಕು, ಒಂದು ಮೊಳಕ್ಕಿಂತ ಭಾಳ ಉದ್ದ ಬ್ಯಾಡ. ದಡಿ ಗಟ್ಟಿ ಇರತೈತಿ, ಬೆರಳಿಗೆ ಹಾಕೂ ಅಂಗುಸ್ತಾನ ಇಲ್ಲದ ಅಲ್ಲಿ ಸೂಜಿ ಒತ್ತಬ್ಯಾಡ. ತ್ಯಾಪಿಗೆ ಹೊಸಾ ಅರಿವಿ ತಂದಿದ್ರ ಒಮ್ಮೆ ಒಗದು ಒಣಗಿಸು, ಇಲ್ಲಾಂದ್ರ ಮುಂದ ಅದು ಜಗ್ಗಿ ಸುಕ್ಕು ಬೀಳತೈತಿ. ತ್ಯಾಪಿ ಸಣ್ಣದು ಬೇಕಾದ್ರ ಹಳೇ ನೂಲಿನ ಅರಿವಿ ಅಂಚಿಗೆ ಸ್ವಲ್ಪ ಸೀಳು ಕೊಟ್ಟು ಹರಿ, ಎಳಿ ಗುಂಟ ನೆಟ್ಟಗ ಹರೀತೈತಿ. ಹರಿಯೂದಕ್ಕ ಅಂಜಿಕಿ ಬರೂದಿಲ್ಲ ಅಂತ ನನ್ನ ಅನಿಸಿಕಿ, ನಿನಗ ಹೆಂಗೋ. ಮೊದಲ ಒಂದು ಕೂಸಿನ ಕೌದಿ ಹೊಲಿ ಅಂತಾನೂ ಹೇಳಬೇಕಂತಿದ್ದೆ, ಬ್ಯಾಡ ಬಿಡು, ನಿನಗ ಸೂಟಿ ಇರೂದ ಐತವಾರ ಒಂದ ದಿನ.

ಒಂದು ಮಾತು ನಿಮ್ಮಪ್ಪಗ ಹೇಳಬ್ಯಾಡ. ನಮ್ಮವ್ವನ ಇನ್ನೊಂದು ಸೀರಿ ನನ್ನ ಟ್ರಂಕಿನ್ಯಾಗ ಐತಿ. ಕೌದಿ ಹೊಲಿಸೋಣು ತಗೀರಿ ಅಂತ ನಿಮ್ಮ ಕಾಕು ವರ್ಷಾ ಅಂತಾಳ, ವರ್ಷಾ ಏನರೆ ನೆವಾ ಹೇಳ್ತೇನಿ. ಊರ ಮಂದಿ ಅರಿವಿ ಕೊಯ್ದ ಕೈ ಇದು. ನಿನ್ನ ಸಾಲು ಓದಿದಾಗ ನೀ ನನಗ ಕೇಳಾಕ್ಹತ್ತೀ ಅಂತ ಅನಿಸಲಿಲ್ಲ.

ನಿನ್ನ ಸೀರಿದು ಪನ್ನಾ ಅಳದು ಬರಿ, ಇಂಚಿನ್ಯಾಗ ಬರಿ. ಸೊಂಟದ ಕಡೆ ಎಲ್ಲೆರೆ ಪಿಸದೈತೇನು ಬೆಳಕಿಗೆ ಹಿಡದು ನೋಡು, ಪಿಸದಿದ್ರ ಅಲ್ಲಿಗೆ ಒಂದು ತ್ಯಾಪಿ ಹೆಚ್ಚಿಗೆ ಬೇಕು. ಗುಳೇದಗುಡ್ಡ ಖಣದ ಚೂರು ಒಂದು ಚೀಲ ತೆಗದಿಟ್ಟೇನಿ, ನಿಮ್ಮಪ್ಪ ಬರುಮುಂದ ಕಳಸ್ತೇನಿ. ಅಲ್ಲಿತನಕ ಆ ಕತ್ರಿ ಕ್ಲಾಸಿನ್ಯಾಗ ಇಟ್ಟು ಬಾ.

ನಿನ್ನ ಕಾಕಾ