ಚೀಟಿಯಲ್ಲಿ ಬಂದ ಒಂದು ಪ್ರಶ್ನೆ

ಎಂಟರಿಂದ ಹತ್ತನೆಯ ತರಗತಿಯ ಮಕ್ಕಳ ತಂದೆತಾಯಿಯರಿಗೆ ನಮಸ್ಕಾರಗಳು.

ಕಳೆದ ವಾರ ವಿಜ್ಞಾನದ ತರಗತಿಯಲ್ಲಿ, ಬಾಯಿಬಿಟ್ಟು ಕೇಳಲು ನಾಚಿಕೆಯಾಗುವ ಪ್ರಶ್ನೆಗಳನ್ನು ಹೆಸರಿಲ್ಲದೆ ಚೀಟಿಯಲ್ಲಿ ಬರೆದುಕೊಡಿ ಎಂದು ಮಕ್ಕಳಿಗೆ ಹೇಳಿದ್ದೆವು. ಒಂದು ಚೀಟಿಯಲ್ಲಿ ಹೀಗಿತ್ತು: 'ನಮ್ಮ ಚಾಳಿನವರೆಲ್ಲ ಒಂದೇ ಶೌಚಾಲಯಕ್ಕೆ ಹೋಗುತ್ತೇವೆ. ನನಗೂ ಗುಪ್ತರೋಗ ಬರುತ್ತದೆಯೇ?' ಈ ಭಯವನ್ನು ಆ ಮಗು ಎಷ್ಟು ದಿನ ಒಂಟಿಯಾಗಿ ಹೊತ್ತಿತ್ತೋ ಎಂದು ನೆನೆದು ನನಗೆ ಅಂದು ನಿದ್ದೆ ಬರಲಿಲ್ಲ. ಆ ಶಬ್ದವನ್ನು ಅದಕ್ಕೆ ಕಲಿಸಿದವರು ನಾವೂ ಅಲ್ಲ, ನೀವೂ ಅಲ್ಲ. ಲೋಕಲ್ ರೈಲಿನ ಡಬ್ಬಿಯಲ್ಲಿ ಅಂಟಿಸಿರುವ ನಕಲಿ ವೈದ್ಯರ ಜಾಹೀರಾತುಗಳು.

ಶೌಚಾಲಯದಿಂದಾಗಲಿ, ಜೊತೆಯಲ್ಲಿ ಉಣ್ಣುವುದರಿಂದಾಗಲಿ, ಸೊಳ್ಳೆ ಕಚ್ಚಿಯಾಗಲಿ ಗುಪ್ತರೋಗಗಳೆನ್ನುವ ಎಚ್‌ಐವಿ (ಏಡ್ಸ್ ತರುವ ವೈರಾಣು), ಸಿಫಿಲಿಸ್, ಗೊನೋರಿಯಾ ಬರುವುದಿಲ್ಲ. ಇವು ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ ಹರಡುತ್ತವೆ. ಕಾಂಡೋಮ್ ಬಳಸಿದರೆ ಅಪಾಯ ಬಹಳ ತಗ್ಗುತ್ತದೆ. ಸೋಂಕು ತಗಲಿದರೂ ಎಷ್ಟೋ ಸಲ ಲಕ್ಷಣವೇ ಕಾಣಿಸುವುದಿಲ್ಲ. ಇಷ್ಟನ್ನು ಹೇಳಿದರೆ ಮಕ್ಕಳು ಕೆಟ್ಟಾರು ಎಂಬ ಅಳುಕು ನಿಮ್ಮಲ್ಲಿ ಕೆಲವರಿಗೆ ಇದೆ, ಬಲ್ಲೆ. ನಾವು ಹೇಳದಿದ್ದರೆ ಆ ಜಾಹೀರಾತು ಹೇಳುತ್ತದೆ.

ಆದ್ದರಿಂದ ಬರುವ ಶನಿವಾರ ವೈದ್ಯರೊಬ್ಬರು ಬಂದು ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಪಾಠ ಮಾಡುತ್ತಾರೆ.

ಹೆಣ್ಣುಮಕ್ಕಳ ತಾಯಂದಿರಿಗೆ ಇನ್ನೊಂದು ಮಾತು. ಗರ್ಭಕಂಠದ ಕ್ಯಾನ್ಸರಿಗೆ ಬಹುಮಟ್ಟಿಗೆ, ಲೈಂಗಿಕ ಸಂಪರ್ಕದಿಂದ ಹರಡುವ ಎಚ್‌ಪಿವಿ ಎಂಬ ವೈರಾಣುವೇ ಕಾರಣ. ಅದನ್ನು ತಡೆಯುವ, ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿದ ಲಸಿಕೆ 2023ರಲ್ಲಿ ಬಂದಿದೆ. ಈ ಲಸಿಕೆಯನ್ನು 9ರಿಂದ 14 ವರ್ಷದೊಳಗೆ ಆರು ತಿಂಗಳ ಅಂತರದಲ್ಲಿ ಎರಡು ಸಲ ಕೊಡುತ್ತಾರೆ. ಹದಿನೈದು ತುಂಬಿದರೆ ಮೂರು ಸಲ ಬೇಕು. 'ಇಷ್ಟು ಚಿಕ್ಕವಳಿಗೆ ಏಕೆ?' ಎಂದು ತಾಯಿಯೊಬ್ಬರು ಕಣ್ಣಲ್ಲಿ ನೀರು ತಂದುಕೊಂಡು ಕೇಳಿದರು. ಮಗಳ ಮೇಲಿನ ಸಂಶಯದಿಂದಲ್ಲ, ಅಮ್ಮಾ. ವೈರಾಣು ಮೈ ಸೇರುವ ಮೊದಲೇ ಕೊಟ್ಟರೆ ಲಸಿಕೆ ಚೆನ್ನಾಗಿ ಕೆಲಸ ಮಾಡುತ್ತದೆ. ದಡಾರಕ್ಕೆ ಹಾಕಿಸಿದಂತೆಯೇ ಇದು. ಮೂವತ್ತು ದಾಟಿದ ತಾಯಂದಿರು ತಾವೂ ಗರ್ಭಕಂಠದ ತಪಾಸಣೆ ಮಾಡಿಸಿಕೊಳ್ಳಬೇಕು.

ದೊಡ್ಡವರಲ್ಲಿ ಯಾರಿಗಾದರೂ ಸಂಶಯವಿದ್ದರೆ ರೈಲಿನ ಜಾಹೀರಾತಿನ ನಂಬರಿಗೆ ಫೋನ್ ಮಾಡಬೇಡಿ. ನಮ್ಮ ಮುಂಬಯಿಯ ಸಯನ್, ನಾಯರ್, ಕೆ.ಇ.ಎಂ. ಆಸ್ಪತ್ರೆಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ. ಫಲಿತಾಂಶವನ್ನು ಗುಟ್ಟಾಗಿಡಬೇಕೆಂದು 2017ರ ಎಚ್‌ಐವಿ ಕಾನೂನೇ ಹೇಳುತ್ತದೆ. ಸರ್ಕಾರದ ಏಡ್ಸ್ ಸಹಾಯವಾಣಿ 1097ಕ್ಕೆ ಕರೆ ಮಾಡಿದರೂ ಸಲಹೆ ಸಿಗುತ್ತದೆ. ಸಿಫಿಲಿಸ್, ಗೊನೋರಿಯಾ ಔಷಧಿಯಿಂದ ಪೂರ್ತಿ ಗುಣವಾಗುತ್ತವೆ, ಆದರೆ ಗಂಡಹೆಂಡಿರಿಬ್ಬರೂ ಚಿಕಿತ್ಸೆ ಪಡೆಯಬೇಕು.

ಶನಿವಾರದ ಪಾಠಕ್ಕಾಗಿ ಇದರೊಂದಿಗಿರುವ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ ಗುರುವಾರದೊಳಗೆ ಕಳುಹಿಸಿ. ಮೊದಲು ಮಾತನಾಡಬೇಕೆನಿಸಿದರೆ ಬನ್ನಿ. ಹೋಟೆಲಿನಲ್ಲಿ ರಾತ್ರಿ ಪಾಳಿ ಮಾಡುವವರಿಗಾಗಿ ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆಯಿಂದ ನನ್ನ ಕೋಣೆಯಲ್ಲೇ ಇರುತ್ತೇನೆ.

ಇತಿ,
ಮುಖ್ಯೋಪಾಧ್ಯಾಯಿನಿ