ನೋಡೋಣ ಅಂದಿದ್ದೇ ತಪ್ಪಾಯ್ತು

ಮಾರಾಯ,

ಬೆಂಗಳೂರಿನ ನಿಮ್ಮ ಕಾಫಿ ಕಂಪನಿಯ ಆ ಕೆಲಸ ಬೇಡ ಅಂದುಬಿಟ್ಟೆ. ಆಫೀಸಿನವರು ಹೇಳುವ ಮೊದಲು ನಾನೇ ನಿನಗೆ ಹೇಳಬೇಕು ಅಂತ ನಿನ್ನೆ ಮೂರು ಸಲ ಫೋನ್ ಮಾಡಿದೆ. ನೀನು ಎತ್ತಲಿಲ್ಲ. ಮೀಟಿಂಗಿನಲ್ಲಿದ್ದೆಯೋ ಸಿಟ್ಟಿನಲ್ಲಿದ್ದೆಯೋ ಗೊತ್ತಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಬರೆದರೆ ನೀನು ಮಧ್ಯೆ ಬಾಯಿ ಹಾಕೋಕಾಗಲ್ಲ, ಅದೊಂದು ಲಾಭ.

ನನ್ನ ರೆಸ್ಯೂಮೆ ಅಲ್ಲಿಗೆ ಮುಟ್ಟಿಸಿದವನು ನೀನು. ಚಿಕ್ಕಮಗಳೂರಿಗೆ 2013ರಲ್ಲೇ ರೈಲು ಬಂದಿದ್ದರೂ ನನಗೆ ಬಸ್ಸೇ ಅಭ್ಯಾಸ. ರಾತ್ರಿ ಬಸ್ಸಿಗೆ ಬಂದು ಮೆಜೆಸ್ಟಿಕ್‌ನಲ್ಲಿ ಇಳಿದವನನ್ನು ಮನೆಗೆ ಕರೆದುಕೊಂಡು ಹೋಗಿ, ಸ್ನಾನ ತಿಂಡಿ ಮಾಡಿಸಿ, ನಿನ್ನ ನೀಲಿ ಶರ್ಟು ಹಾಕಿಸಿ ಕಳಿಸಿದವನೂ ನೀನೇ. "ಕಾಫಿ ಬಾಯಿಗಿಟ್ಟರೆ ಯಾವ ತೋಟದ್ದು ಅಂತ ಹೇಳ್ತಾನೆ" ಅಂತ ನಿನ್ನ ಮ್ಯಾನೇಜರ್ ಹತ್ತಿರ ನನ್ನ ಬಗ್ಗೆ ಹೊಗಳಿದ್ದೆಯಂತೆ. ಅದು ಸುಳ್ಳು ಬಿಡು. ತೋಟ ಯಾವುದು ಅಂತ ನನಗೆ ಹೇಳೋಕಾಗಲ್ಲ. ಕಣದಲ್ಲಿ ಸರಿಯಾಗಿ ಒಣಗಿಸಿದ್ದಾರೋ ಇಲ್ಲವೋ ಅಂತ ಹೇಳಬಲ್ಲೆ, ಅಷ್ಟೇ. ಇಷ್ಟೆಲ್ಲ ಮಾಡಿದ ಮೇಲೆ ನಾನು ಒಲ್ಲೆ ಅಂದರೆ ಅಲ್ಲಿ ತಲೆ ತಗ್ಗಿಸಬೇಕಾದವನು ನೀನು. ನನ್ನನ್ನು ಸೂಚಿಸಿದ್ದಕ್ಕೆ ನಿನಗೆ ಬರಬೇಕಿದ್ದ ರೆಫರಲ್ ಬೋನಸ್ಸೂ ಹೋಯಿತು. ಕಂಪನಿಗೆ ಇಲ್ಲ ಅನ್ನುವುದಕ್ಕಿಂತ ನಿನಗೆ ಹೇಳುವುದೇ ನನಗೆ ಕಷ್ಟವಾಗಿದ್ದು.

ಏನಾಯಿತು ಅಂದರೆ, ಕಾಗದದಲ್ಲಿ ಇದ್ದದ್ದು 'ಕ್ವಾಲಿಟಿ ಮ್ಯಾನೇಜರ್'. ಎರಡನೇ ಇಂಟರ್‌ವ್ಯೂನಲ್ಲಿ ಆ ಮೇಡಂ ಬೋರ್ಡಿನ ಮೇಲೆ ಕೆಲಸ ಬಿಡಿಸಿ ತೋರಿಸಿದರು. ತಿಂಗಳಿಗೆ ಹದಿನೆಂಟು ದಿನ ಓಡಾಟ. ದೊಡ್ಡ ದೊಡ್ಡ ಆಫೀಸುಗಳಿಗೆ ಹೋಗಿ ಕಾಫಿ ಮೆಷಿನ್ ಇಡಿಸಬೇಕು, ಪುಡಿಯ ಆರ್ಡರ್ ಹಿಡಿಯಬೇಕು. ಮೂರು ತಿಂಗಳಿಗೊಮ್ಮೆ ಟಾರ್ಗೆಟ್. "ಸ್ಯಾಂಪಲ್ ರುಚಿ ನೋಡೋದು ಯಾವಾಗ ಮೇಡಂ?" ಅಂತ ಕೇಳಿದೆ. "ಅದನ್ನ ಹೊರಗಡೆ ಕೊಟ್ಟಿದ್ದೀವಿ, ನೀವು ರಿಪೋರ್ಟ್ ನೋಡಿ ಸೈನ್ ಮಾಡಿದರೆ ಆಯ್ತು" ಅಂದರು. ಅವರದ್ದೇನೂ ತಪ್ಪಿಲ್ಲ. ಅವರಿಗೆ ಕಾಫಿ ಗೊತ್ತಿರುವ ಮಾರಾಟಗಾರ ಬೇಕಿತ್ತು. ನನಗೆ ಕಾಫಿ ಗೊತ್ತು, ಮಾರೋದು ಗೊತ್ತಿಲ್ಲ. ಕಾಲೇಜಿನ ಜಾತ್ರೆಯಲ್ಲಿ ಚುರುಮುರಿ ಅಂಗಡಿ ಇಟ್ಟು ಅರ್ಧ ನಾವೇ ತಿಂದಿದ್ದೆವಲ್ಲ, ನೆನಪಿದೆಯಾ?

ಇಲ್ಲಿ ಕ್ಯೂರಿಂಗ್ ವರ್ಕ್ಸಿನಲ್ಲಿ, ಅಂದರೆ ತೋಟದಿಂದ ಬಂದ ಕಾಫಿಯ ಹೊಟ್ಟು ತೆಗೆದು ಗ್ರೇಡ್ ಮಾಡುವ ಕಾರ್ಖಾನೆಯಲ್ಲಿ, ನಾನು ದಿನಾ ಮಾಡೋದನ್ನ ನಿನಗೆ ಯಾವತ್ತೂ ಸರಿಯಾಗಿ ಹೇಳಿಲ್ಲ. ಕಾಫಿ ರುಚಿ ನೋಡುವ ಈ ಕೆಲಸಕ್ಕೆ ಕಪ್ಪಿಂಗ್ ಅಂತಾರೆ. ಒಂದೊಂದು ಸ್ಯಾಂಪಲ್‌ಗೆ ಐದು ಬಟ್ಟಲು ಇಡುತ್ತೇವೆ. ಬಟ್ಟಲಿಗೆ 8.25 ಗ್ರಾಂ ಪುಡಿ, ಮೇಲೆ 150 ಮಿಲಿ ಬಿಸಿನೀರು. ನಾಲ್ಕು ನಿಮಿಷ ಬಿಟ್ಟು, ಮೇಲೆ ಕಟ್ಟಿದ ಪದರವನ್ನು ಚಮಚದಲ್ಲಿ ಒಡೆದು ಮೂಗು ಒಡ್ಡಬೇಕು. ಐದು ಬಟ್ಟಲು ಯಾಕೆ ಅಂದರೆ, ಕೆಟ್ಟ ಬೀಜ ಒಂದೇ ಬಟ್ಟಲಿಗೆ ಬಿದ್ದಿರಬಹುದು. ನಾಲ್ಕು ಘಮ್ಮಂತಿದ್ದು ಐದನೆಯದು ಮುಗ್ಗಲು ಹೊಡೆಯುತ್ತದೆ. ಹೋದ ತಿಂಗಳು ವಯಸ್ಸಾದ ಬೆಳೆಗಾರರೊಬ್ಬರು ಅರೇಬಿಕಾ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಬೀಜ, ತಂದಿದ್ದರು. ಎರಡು ಬಟ್ಟಲು ಮುಗ್ಗಲು. "ಕೊಯ್ಲಲ್ಲಿ ಮಳೆ ಸಿಕ್ತಾ ಯಜಮಾನ್ರೆ?" ಅಂದೆ. ಅವರು ಸುಮ್ಮನೆ ನನ್ನ ಮುಖ ನೋಡಿದರು. ಮೂರು ರಾತ್ರಿ ರಾಶಿ ಹಾಕಿ ಟಾರ್ಪಾಲು ಹೊದಿಸಿದ್ದರಂತೆ. ಆ ಚೀಲಗಳನ್ನು ಬೇರೆ ಇಡಿಸಿ ಮಿಕ್ಕ ಮಾಲಿಗೆ ಒಳ್ಳೆ ಗ್ರೇಡ್ ಹಾಕಿದೆ. ಅವರು ಎದ್ದು ಹೋಗುವಾಗ ಜೇಬಿನಿಂದ ಎರಡು ಕಿತ್ತಳೆ ತೆಗೆದು ಮೇಜಿನ ಮೇಲಿಟ್ಟರು. ರಿಪೋರ್ಟ್ ನೋಡಿ ಸೈನ್ ಮಾಡಿದರೆ ಕಿತ್ತಳೆ ಸಿಗಲ್ಲ, ಅಲ್ವಾ?

ಹಾಗಾದರೆ ಅವತ್ತೇ ಬೇಡ ಅನ್ನಬೇಕಿತ್ತು ಅಂತ ನೀನು ಕೇಳುತ್ತೀಯ. ಅಲ್ಲೇ ನಾನು ಎಡವಿದ್ದು. ಮೇಡಂ "ಏನಂತೀರಿ?" ಅಂದಾಗ ನಾನು "ನೋಡೋಣ ಮೇಡಂ" ಅಂದೆ. ನಮ್ಮ ಕಡೆ ನೋಡೋಣ ಅಂದರೆ ಏನು ಅಂತ ನಿನಗೆ ಗೊತ್ತು. ಮದುವೆಗೆ ಕರೆದರೆ ನೋಡೋಣ, ಸಾಲ ಕೇಳಿದರೆ ನೋಡೋಣ, ತೋಟದ ಕೆಲಸಕ್ಕೆ ನಾಲ್ಕು ಆಳು ಕಳಿಸಿ ಅಂದರೂ ನೋಡೋಣ. ಕೇಳಿದವರು ಅರ್ಥ ಮಾಡಿಕೊಂಡು ಬೇರೆ ಮನೆಗೆ ಹೋಗುತ್ತಾರೆ. ಬೆಂಗಳೂರಿನಲ್ಲಿ ಅದರ ಅರ್ಥ ಬೇರೆ. ಎರಡು ದಿನಕ್ಕೆ ಆಫರ್ ಲೆಟರ್ ಬಂತು. ಐದು ದಿನದಲ್ಲಿ ಉತ್ತರ ಕೊಡಿ ಅಂತಿತ್ತು. ನಾನು ಮತ್ತೆ ಫೋನಿನಲ್ಲಿ ನೋಡೋಣ ಅಂದೆ. ಏಳನೇ ದಿನ ಯಾರೋ ಹುಡುಗ ಫೋನ್ ಮಾಡಿ "ಸರ್, ಲ್ಯಾಪ್‌ಟಾಪ್ ಯಾವ ಅಡ್ರೆಸ್ಸಿಗೆ ಕಳಿಸಲಿ?" ಅಂದ.

ಗಾಬರಿಯಾಯಿತು. ಆ ಗಾಬರಿಯಲ್ಲಿ ಎಚ್‌ಆರ್‌ಗೆ ಫೋನ್ ಮಾಡಿ, "ಅಮ್ಮನಿಗೆ ಮಂಡಿ ನೋವು, ಬಿಟ್ಟು ಬರೋಕಾಗಲ್ಲ" ಅಂದುಬಿಟ್ಟೆ. ಅವರು ಎಷ್ಟು ಒಳ್ಳೆಯವರು ಅಂದರೆ, "ಪರವಾಗಿಲ್ಲ, ಎರಡು ತಿಂಗಳು ತಡವಾಗಿ ಸೇರಿ, ನಮ್ಮ ಇನ್ಶೂರೆನ್ಸ್‌ನಲ್ಲಿ ಅಮ್ಮನನ್ನೂ ಸೇರಿಸೋಣ" ಅಂದರು. ಈಗ ಏನು ಹೇಳಲಿ? ಅದೇ ಹೊತ್ತಿಗೆ ಅಮ್ಮ ಅಂಗಳದಲ್ಲಿ ಕಾಳುಮೆಣಸು ಹರವುತ್ತಾ, ಕೋಳಿ ಓಡಿಸಿಕೊಂಡು ಆ ತುದಿಯಿಂದ ಈ ತುದಿಗೆ ಓಡುತ್ತಿದ್ದಳು. ಫೋನಿಟ್ಟ ಮೇಲೆ ಒಳಗೆ ಬಂದು, "ನಂದೇ ಮಂಡಿ ಸಿಕ್ತೇನೋ ನಿಂಗೆ?" ಅಂದಳು.

ಅವತ್ತು ಗೊತ್ತಾಗಿದ್ದು ಇಷ್ಟು. ಸುಳ್ಳು ಕಾರಣ ಹೇಳಿದರೆ ಅವರು ಅದಕ್ಕೊಂದು ಪರಿಹಾರ ಹುಡುಕಿಕೊಡುತ್ತಾರೆ, ಆಮೇಲೆ ಇನ್ನೊಂದು ಸುಳ್ಳು ಹುಡುಕಬೇಕು. ಸಂಬಳ ಸಾಲದು ಅಂದಿದ್ದರೂ ಅದೇ ಕತೆ. ಇನ್ನೊಂದಿಷ್ಟು ಸೇರಿಸುತ್ತಿದ್ದರು. ಸಂಬಳದಲ್ಲಿ ನನಗೆ ತಕರಾರೂ ಇರಲಿಲ್ಲ. ಸಿಟಿಸಿ, ಅಂದರೆ ನನ್ನ ಮೇಲೆ ಕಂಪನಿ ಮಾಡುವ ಒಟ್ಟು ಖರ್ಚು, ಅಂತ ಅವರು ಬರೆದ ಮೊತ್ತದಲ್ಲಿ ಕಂಪನಿ ಕಟ್ಟುವ ಪಿಎಫ್, ಅಂದರೆ ಬೇಸಿಕ್‌ನ 12 ಪರ್ಸೆಂಟ್, ಸೇರಿತ್ತು. ಟಾರ್ಗೆಟ್ ಮುಟ್ಟಿದರೆ ಮಾತ್ರ ಸಿಗುವ ವೇರಿಯಬಲ್ಲೂ ಸೇರಿತ್ತು. ಅದೆಲ್ಲ ಕಳೆದು, ಬೆಂಗಳೂರಿನ ಬಾಡಿಗೆಯನ್ನೂ ಕಳೆದು ನೋಡಿದರೂ ಇಲ್ಲಿಗಿಂತ ಜಾಸ್ತಿಯೇ. ಆಫರ್ ಲೆಟರ್ ಇಲ್ಲಿನ ಯಜಮಾನರಿಗೆ ತೋರಿಸಿ ಸಂಬಳ ಏರಿಸಿಕೋ ಅಂತ ಒಬ್ಬರು ಬುದ್ಧಿ ಹೇಳಿದರು. ಮನಸ್ಸು ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಧೈರ್ಯ ಬರಲಿಲ್ಲ.

ಒಂಬತ್ತನೇ ದಿನ ಸಂಜೆ ರತ್ನಗಿರಿ ಬೋರೆಯ ಪಾರ್ಕಿಗೆ ಹೋಗಿ, ಮಕ್ಕಳ ಗಲಾಟೆ ಇಲ್ಲದ ಒಂದು ಮೂಲೆ ಹುಡುಕಿ, ಎಚ್‌ಆರ್ ಬೇಡ ಅಂತ ಆ ಮೇಡಂಗೇ ಫೋನ್ ಮಾಡಿದೆ. ಮೊದಲು ಮಂಡಿಯ ವಿಷಯ ಒಪ್ಪಿಕೊಂಡೆ. ಅವರು ನಕ್ಕರು. ಆಮೇಲೆ ನಿಜ ಹೇಳಿದೆ. ನಾಲ್ಕು ನಿಮಿಷದಲ್ಲಿ ಮಾತು ಮುಗಿಯಿತು. "ಇದನ್ನ ಅವತ್ತೇ ಹೇಳಿದ್ರೆ ನನಗೆ ಒಂದು ವಾರ ಉಳೀತಿತ್ತು" ಅಂದರು. ಸಿಟ್ಟಿನಲ್ಲಿ ಹೇಳಿದ್ದಲ್ಲ. ಆದರೂ ಚುರುಕ್ ಅಂತು. ನಾನು ಒಳ್ಳೆಯವನಾಗಿ ಕಾಣಬೇಕು ಅಂತ ಒಂಬತ್ತು ದಿನ ಎಳೆದದ್ದರಿಂದ ಆ ಜಾಗಕ್ಕೆ ಕಾಯುತ್ತಿದ್ದ ಇನ್ಯಾರಿಗೋ ತಡವಾಯಿತು. ಅದು ನನ್ನ ತಲೆಗೇ ಹೊಳೆದಿರಲಿಲ್ಲ.

ರಾತ್ರಿ ಮೇಲ್ ಕಳಿಸಿದೆ. ಇಂಗ್ಲಿಷಿನಲ್ಲಿ ಬರೆದದ್ದು, ನಮ್ಮ ಭಾಷೆಯಲ್ಲಿ ಹೇಳಿದರೆ ಇಷ್ಟೇ:

"ನನಗೆ ಈ ಅವಕಾಶ ಕೊಟ್ಟಿದ್ದಕ್ಕೆ, ಎರಡು ಸಲ ಕೂತು ಮಾತಾಡಿದ್ದಕ್ಕೆ ಧನ್ಯವಾದ. ಯೋಚನೆ ಮಾಡಿ ನೋಡಿದೆ, ಈ ಕೆಲಸ ಒಪ್ಪಿಕೊಳ್ಳಲಾರೆ. ಇದರಲ್ಲಿ ಮಾರಾಟದ ಪಾಲು ದೊಡ್ಡದು, ನನ್ನ ಅನುಭವ ಪೂರ್ತಿ ಕಪ್ಪಿಂಗ್ ರೂಮಿನದು. ಉತ್ತರ ತಡವಾದದ್ದಕ್ಕೆ ಕ್ಷಮಿಸಿ."

ಮೊದಲು ಬರೆದದ್ದು ಒಂದೂವರೆ ಪುಟ ಇತ್ತು. ಹೈಸ್ಕೂಲಿನ ರಜಾ ಅರ್ಜಿ ಓದಿದ ಹಾಗಿತ್ತು. ಓದಿ ನನಗೇ ನಗು ಬಂತು. ಕೊಯ್ದು ಕೊಯ್ದು ನಾಲ್ಕು ಸಾಲಿಗೆ ತಂದೆ. "ಮುಂದೆ ಯಾವಾಗಲಾದರೂ ನೋಡೋಣ" ಅಂತ ಕೊನೆಗೊಂದು ಸಾಲು ತಾನಾಗೇ ಬಂದಿತ್ತು. ಅದನ್ನೂ ಹೊಡೆದು ಹಾಕಿದೆ.

ಈಗ ಒಂದು ಕೆಲಸದ ಮಾತು. ನಮ್ಮಲ್ಲಿ ಮೂರು ವರ್ಷ ಇದ್ದು ಹೋದ ಒಬ್ಬ ಹುಡುಗ ಹಾಸನದಲ್ಲಿ ಕಾಫಿಪುಡಿ ವ್ಯಾಪಾರದವರ ಹತ್ತಿರ ಇದ್ದಾನೆ. ಬಾಯಿ ಇದೆ, ಬೈಕ್ ಇದೆ, ಓಡಾಡೋದು ಅಂದರೆ ಇಷ್ಟ. ರೊಬಸ್ಟಾ, ಅರೇಬಿಕಾ, ಚಿಕೋರಿ ಎಷ್ಟೆಷ್ಟು ಬೆರೆಸಿದರೆ ಯಾವ ಹೋಟೆಲಿಗೆ ಹಿಡಿಸುತ್ತದೆ ಅಂತ ನನಗಿಂತ ಅವನಿಗೇ ಚೆನ್ನಾಗಿ ಗೊತ್ತು. ಅವನನ್ನು ಕೇಳಿದ್ದೇನೆ, ಆಸಕ್ತಿ ಇದೆಯಂತೆ. ಹದಿನೆಂಟು ದಿನದ ಓಡಾಟ, ಟಾರ್ಗೆಟ್, ವೇರಿಯಬಲ್ ಎಲ್ಲ ಬಿಡಿಸಿ ಹೇಳಿದ್ದೇನೆ. ರೆಸ್ಯೂಮೆ ನಿನಗೇ ಕಳಿಸು ಅಂದಿದ್ದೇನೆ. ನಿನ್ನ ಹೆಸರಿನಲ್ಲೇ ಹಾಕು, ಬೋನಸ್ ವಾಪಸ್ ಬಂದರೂ ಬಂದೀತು. ಆದರೆ ಈ ಸಲ ಜಾಸ್ತಿ ಹೊಗಳಬೇಡ.

ಶರ್ಟು ಒಗೆದು ಇಸ್ತ್ರಿ ಮಾಡಿಸಿದ್ದೇನೆ. ಎಡಗೈ ತೋಳಿನ ಮೇಲೆ ಒಂದು ಕಾಫಿ ಕಲೆ ಕೂತಿದೆ, ಹೋಗಲಿಲ್ಲ. ಅವರ ಮೆಷಿನ್ನಿನ ಕಾಫಿ ಅದು. ಕಾಫಿ ಹೇಗಿತ್ತು ಅಂತ ಫೋನ್ ಎತ್ತಿದರೆ ಹೇಳುತ್ತೇನೆ.

ನಿನ್ನ ಗೆಳೆಯ,
ಚಿಕ್ಕಮಗಳೂರಿನಿಂದ