ಅಟ್ಲಾಂಟಾದಿಂದ ಅಕ್ಕನಿಗೆ

ಪ್ರೀತಿಯ ಅಕ್ಕ,

ನಾವೆಲ್ಲ ಇಲ್ಲಿ ಆರಾಮ. ಅಮ್ಮನ ಮಂಡಿನೋವು ಕಡಿಮೆಯಾಗಿದೆ ಅಂತ ಕೇಳಿ ಸಮಾಧಾನವಾಯಿತು. ‘ಸ್ಕಾರ್ಲೆಟ್’ ಕಾದಂಬರಿ ಹೇಗಿದೆ ಅಂತ ನೀನು ಫೋನಿನಲ್ಲಿ ಕೇಳಿದಾಗ ನಾನು ಮಾತು ತೇಲಿಸಿಬಿಟ್ಟೆ. ಅದು ಎರಡು ಮಾತಿನಲ್ಲಿ ಮುಗಿಯುವಂಥದ್ದಲ್ಲ. ಅದಕ್ಕೇ ಈ ಪತ್ರ.

ಹೋದ ಭಾನುವಾರ ಓಕ್‌ಲ್ಯಾಂಡ್ ಸ್ಮಶಾನಕ್ಕೆ ಹೋಗಿದ್ದೆ. ಮಾರ್ಗರೆಟ್ ಮಿಚೆಲ್ ಸಮಾಧಿ ಇರುವುದು ಅಲ್ಲೇ. ಅಮೆರಿಕದ ಅಂತರ್ಯುದ್ಧದ ಕಾಲದ ಕಥೆ ಹೇಳುವ ಆಕೆಯ ಕಾದಂಬರಿ ‘ಗಾನ್ ವಿತ್ ದ ವಿಂಡ್’ ಬಂದಿದ್ದು 1936ರಲ್ಲಿ. ಮುಂದಿನ ಭಾಗ ಬರೆಯಿರಿ ಅಂತ ಜನ ಎಷ್ಟು ಕೇಳಿದರೂ ಆಕೆ ಒಪ್ಪಲಿಲ್ಲ. 1949ರಲ್ಲಿ ಇದೇ ಊರಿನ ಪೀಚ್‌ಟ್ರೀ ರಸ್ತೆ ದಾಟುವಾಗ ಕಾರು ಹೊಡೆದು ತೀರಿಕೊಂಡರು. ಆಮೇಲೆ ವಾರಸುದಾರರ ಒಪ್ಪಿಗೆಯಿಂದ ಅಲೆಕ್ಸಾಂಡ್ರಾ ರಿಪ್ಲಿ ಬರೆದ ಮುಂದಿನ ಭಾಗವೇ ‘ಸ್ಕಾರ್ಲೆಟ್’, 1991ರದ್ದು.

ಮೊದಲನೆಯದರಲ್ಲಿ ಆ ಜೈಲಿನ ದೃಶ್ಯ ನೆನಪಿದೆಯಾ ಅಕ್ಕ? ತಾರಾ ಅನ್ನುವ ತವರಿನ ಹತ್ತಿ ತೋಟ ಉಳಿಸಿಕೊಳ್ಳಲು 300 ಡಾಲರ್ ತೆರಿಗೆ ಕಟ್ಟಬೇಕು. ನಾಯಕಿ ಸ್ಕಾರ್ಲೆಟ್ ಹತ್ತಿರ ಒಂದು ಒಳ್ಳೆ ಬಟ್ಟೆ ಕೂಡ ಇಲ್ಲ. ಕಿಟಕಿಯ ಹಸಿರು ಮಖಮಲ್ ಪರದೆ ಇಳಿಸಿ ಗೌನು ಹೊಲಿಸಿಕೊಂಡು, ಜೈಲಿನಲ್ಲಿರುವ ನಾಯಕ ರೆಟ್ ಹತ್ತಿರ ಸಾಲ ಕೇಳಲು ಹೋಗುತ್ತಾಳೆ. ಮನೆಯಲ್ಲಿ ಯಾವ ಕೊರತೆಯೂ ಇಲ್ಲ ಅನ್ನುವ ಹಾಗೆ ನಗುನಗುತ್ತಾ ಮಾತಾಡುತ್ತಾಳೆ. ಅವನೂ ನಂಬಿಬಿಡುತ್ತಾನೆ ಅನ್ನುವಾಗ ಅವಳ ಕೈ ಹಿಡಿದು ಅಂಗೈ ತಿರುಗಿಸಿ ನೋಡುತ್ತಾನೆ. ಬಿಸಿಲಿಗೆ ಕಂದಿದ ಕೈ. ಮುರಿದ ಉಗುರು, ಜಡ್ಡುಗಟ್ಟಿದ ಅಂಗೈ, ಹೆಬ್ಬೆರಳಲ್ಲಿ ಇನ್ನೂ ಮಾಗದ ಗುಳ್ಳೆ. ಅಲ್ಲಿಗೆ ಅವಳ ಆಟ ಮುಗಿಯಿತು. ಯುದ್ಧ, ಹಸಿವು, ಹತ್ತಿ ಬಿಡಿಸಿದ ದಿನಗಳು, ಎಲ್ಲ ಆ ಅಂಗೈಯಲ್ಲೇ ಇವೆ. ಅವರಿಬ್ಬರ ಪ್ರೀತಿಯ ಕಥೆಯೊಳಗೆ ಇತಿಹಾಸ ಹಾಗೆ ನುಗ್ಗುತ್ತದೆ. ಆ ಪುಟ ಓದುವಾಗ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ಎರಡನೆಯದರಲ್ಲಿ ಅಂಥ ಒಂದು ಕೈಯೂ ನನಗೆ ಸಿಗಲಿಲ್ಲ. ಸ್ಕಾರ್ಲೆಟ್ ಐರ್ಲೆಂಡಿಗೆ ಹೋಗಿ ತಂದೆಯ ವಂಶದವರ ಹಳೆಯ ಜಮೀನು ಕೊಳ್ಳುತ್ತಾಳೆ. ದುಡ್ಡಿಗೆ ಕೊರತೆ ಇಲ್ಲ. ಆ ಕಾಲವಾದರೂ ಎಂಥದ್ದು! 1879ರಲ್ಲಿ ಅಲ್ಲಿ ಲ್ಯಾಂಡ್ ಲೀಗ್ ಅನ್ನುವ ಗೇಣಿ ರೈತರ ಸಂಘಟನೆ ಶುರುವಾಯಿತು. ಗೇಣಿ ಕಟ್ಟಲಾಗದ ರೈತರನ್ನು ಜಮೀನ್ದಾರರು ಗುಡಿಸಲಿನಿಂದ ಹೊರಗೆ ಹಾಕುತ್ತಿದ್ದರು. ಮರುವರ್ಷ ಬಾಯ್ಕಾಟ್ ಅನ್ನುವ ಜಮೀನ್ದಾರರ ಏಜೆಂಟನ ಜೊತೆ ಊರಿಗೆ ಊರೇ ವ್ಯವಹಾರ ನಿಲ್ಲಿಸಿತು. ನಾವು ದಿನಾ ಆಡುವ ಬಾಯ್ಕಾಟ್ ಅನ್ನುವ ಮಾತು ಹುಟ್ಟಿದ್ದೇ ಅಲ್ಲಿಂದ. ಸ್ಕಾರ್ಲೆಟ್ಟೇ ಈಗ ಜಮೀನಿನ ಒಡತಿ, ಅಲ್ವಾ? ಆ ಜಗಳ ಅವಳ ಎದೆಯೊಳಗೇ ನಡೆಯಬೇಕಿತ್ತು. ಬಂದೂಕು ಬಚ್ಚಿಡುವವರು ಕಥೆಯಲ್ಲಿ ಇದ್ದಾರೆ, ಕೊನೆಗೆ ಬೆಂಕಿಯೂ ಬೀಳುತ್ತದೆ. ಆದರೆ ಅಲ್ಲಿಯವರೆಗೆ ಜಾಸ್ತಿ ಪುಟ ಕುದುರೆ, ಬೇಟೆ, ಡಬ್ಲಿನ್ನಿನ ಔತಣಗಳಿಗೇ ಹೋಗಿವೆ. ಇತಿಹಾಸ ಸುಮ್ನೆ ಹಿಂದೆ ಕಟ್ಟಿದ ಪರದೆಯ ಹಾಗೆ ತೂಗಾಡುತ್ತದೆ.

ಐರ್ಲೆಂಡಿಗೆ ಹೋಗುವ ಮುಂಚೆ, ಅಮೆರಿಕದ ಚಾರ್ಲ್ಸ್‌ಟನ್ ಊರಿನಲ್ಲಿ ನಡೆಯುವ ಭಾಗ ಮಾತ್ರ ನನಗೆ ನಿಜವಾಗಿ ಹಿಡಿಸಿತು. ರಿಪ್ಲಿ ಹುಟ್ಟಿದ ಊರು ಅದು. ಎಲ್ಲ ಕಳೆದುಕೊಂಡ ದೊಡ್ಡ ಮನೆತನದವರು ತೇಪೆ ಹಾಕಿದ ಬಟ್ಟೆಯಲ್ಲೇ ತಲೆಯೆತ್ತಿ ಓಡಾಡುತ್ತಾರೆ. ರೆಟ್ ಸುಟ್ಟುಹೋದ ತನ್ನ ತೋಟದ ನೆಲ ಅಗೆದು, ಗೊಬ್ಬರಕ್ಕೆ ಬೇಕಾದ ಫಾಸ್ಫೇಟ್ ತೆಗೆಸುತ್ತಾನೆ. ಅಲ್ಲಿ ಮಣ್ಣಿನ ವಾಸನೆ ಬರುತ್ತದೆ.

ಇನ್ನೊಂದು ಮಾತು ಹೇಳಲೇಬೇಕು. ಓಕ್‌ಲ್ಯಾಂಡಿನಲ್ಲಿ ಕಪ್ಪು ಜನರನ್ನು ಬೇರೆ ಮಾಡಿ ಹೂಳಿದ ಜಾಗ ಇದೆ. ಎಷ್ಟೋ ಕಡೆ ಗುರುತಿಗೆ ಒಂದು ಕಲ್ಲೂ ಇಲ್ಲ. ಅಲ್ಲಿ ತುಂಬ ಹೊತ್ತು ನಿಂತಿದ್ದೆ. ಗುಲಾಮರು ಧಣಿಗಳ ಮನೆಯಲ್ಲಿ ಸುಖವಾಗಿದ್ದರು ಅನ್ನುವ ಹಾಗೆ ಮೊದಲ ಪುಸ್ತಕ ಹೇಳಿದ್ದು ಸುಳ್ಳು. ಅದು ಸಣ್ಣ ತಪ್ಪಲ್ಲ. ಎರಡನೆಯದು ಅದನ್ನು ತಿದ್ದಬಹುದಿತ್ತು. ಅದು ಸ್ಕಾರ್ಲೆಟ್‌ಳನ್ನು ಸಾಕಿ ಬೆಳೆಸಿದ ಗುಲಾಮ ಹೆಂಗಸು ಮ್ಯಾಮಿಯನ್ನು ಶುರುವಿನಲ್ಲೇ ಸಾಯಿಸಿ, ಸಮುದ್ರ ದಾಟಿ ಹೋಗಿಬಿಡುತ್ತದೆ. ನನಗೆ ಜಾಸ್ತಿ ಬೇಜಾರಾಗಿದ್ದು ಅದಕ್ಕೇ.

ಮೊದಲ ಪುಸ್ತಕದ ಕೊನೆಗೆ ಸ್ಕಾರ್ಲೆಟ್‌ಳನ್ನು ಬಿಟ್ಟುಹೋದ ರೆಟ್ ವಾಪಸ್ ಬರುತ್ತಾನೆ ಅಂತ ನಾನು, ಬರುವುದಿಲ್ಲ ಅಂತ ನೀನು, ಲೈಟು ಆರಿಸಿದ ಮೇಲೂ ಜಗಳ ಆಡಿದ್ದೆವಲ್ಲ? ಈ ಪುಸ್ತಕದ ಪ್ರಕಾರ ನಾನೇ ಗೆದ್ದೆ. ಆದರೆ ಅವನು ಬಂದಾಗ ನನಗೆ ಖುಷಿಯಾಗಲಿಲ್ಲ ಅಕ್ಕ. ನೀನು ಹೇಳಿದ ಹಾಗೆ ಅವನು ಹೋದವನು ಹೋಗಿಯೇ ಇರಬೇಕಿತ್ತು.

ಪುಸ್ತಕ ಕಳಿಸುತ್ತೇನೆ. ಚಾರ್ಲ್ಸ್‌ಟನ್ ಭಾಗ ಮುಗಿದ ಕೂಡಲೇ ನನಗೆ ಬರೆ.

ನಿನ್ನ ತಂಗಿ